ಭಾನುವಾರದ ಸಿನಿಮಾಕ್ಕೆ ಯಾರ ಮಾತು ನಂಬಬೇಕು? ಮೈಸೂರು, ಮಂಡ್ಯದ ಪ್ರೇಕ್ಷಕರಿಗೊಂದು ಹೋಲಿಕೆ

ಶುಕ್ರವಾರ ಬಿಡುಗಡೆಯಾದ ಚಿತ್ರದ ಬಗ್ಗೆ ಅಭಿಪ್ರಾಯಗಳಿಗೆ ಬರವಿಲ್ಲ. ಬೆಳಗಿನ ಆಟದ ಮಧ್ಯಂತರದಲ್ಲೇ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳು ಶುರುವಾಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಚಿತ್ರಮಂದಿರದ ಗೇಟಿನ ಎದುರು ಮೈಕ್ ಹಿಡಿದು ತೆಗೆದ ‘ಪಬ್ಲಿಕ್ ಟಾಕ್’ ವಿಡಿಯೊಗಳು ಯೂಟ್ಯೂಬಿಗೆ ಬಂದಿರುತ್ತವೆ. ಸಂಜೆಗೆ ಬುಕ್‌ಮೈಶೋದಲ್ಲಿ ಹತ್ತಕ್ಕೆ ಇಷ್ಟು ಎಂಬ ಅಂಕ, ಮರುದಿನ ಪತ್ರಿಕೆಯ ವಿಮರ್ಶೆ, ಭಾನುವಾರ ತಿಂಡಿಯ ಹೊತ್ತಿಗೆ ನೆಂಟರ ಫೋನು. ಎಲ್ಲರೂ ನೋಡಿದ್ದು ಒಂದೇ ಚಿತ್ರವಾದರೂ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಾಗುವುದಿಲ್ಲ. ಹೀಗಿರುವಾಗ, ಸಿನಿಮಾವನ್ನು ಕಸುಬಾಗಿ ನೋಡದ, ವಾರಕ್ಕೋ ತಿಂಗಳಿಗೋ ಒಮ್ಮೆ ಮನೆಮಂದಿಯೊಂದಿಗೆ ಹೋಗಿ ಬರುವ ಸಾಮಾನ್ಯ ಪ್ರೇಕ್ಷಕರ ಮಾತುಗಳಲ್ಲಿ ಯಾವುದನ್ನು ಯಾವ ಸಂದರ್ಭದಲ್ಲಿ ಆಧಾರವಾಗಿ ಇಟ್ಟುಕೊಳ್ಳಬಹುದು ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಅಭಿಪ್ರಾಯ ಹೇಳಿದವರು ಯಾರ ಜೊತೆ, ಯಾವ ಆಟಕ್ಕೆ, ಯಾವ ಚಿತ್ರಮಂದಿರದಲ್ಲಿ, ಎಷ್ಟು ದುಡ್ಡು ಕೊಟ್ಟು ನೋಡಿದರು ಎಂಬುದು ನಮಗೆ ಗೊತ್ತಿದ್ದಷ್ಟೂ ಆ ಅಭಿಪ್ರಾಯ ಉಪಯೋಗಕ್ಕೆ ಬರುತ್ತದೆ. ಅವರ ಸಿನಿಮಾ ಜ್ಞಾನದ ಪ್ರಶ್ನೆ ಆಮೇಲಿನದು.

ಮೊದಲು ದುಡ್ಡಿನ ಲೆಕ್ಕ

ಎಷ್ಟು ಅಭಿಪ್ರಾಯ ಕೇಳಿ ಹೊರಡಬೇಕು ಎಂಬುದು ಟಿಕೆಟ್ಟಿನ ದರವನ್ನೂ ಅವಲಂಬಿಸಿದೆ. ಒಂದೇ ಪರದೆಯ ಹಳೆಯ ಚಿತ್ರಮಂದಿರಕ್ಕೂ ಮಾಲಿನೊಳಗಿನ ಮಲ್ಟಿಪ್ಲೆಕ್ಸಿಗೂ ದರದಲ್ಲಿರುವ ಅಂತರವನ್ನು ತೆರಿಗೆಯೂ ಹಿಗ್ಗಿಸುತ್ತದೆ: 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 5ರಷ್ಟು ಜಿಎಸ್‌ಟಿ ಇದ್ದರೆ, ಅದಕ್ಕೆ ಮೇಲ್ಪಟ್ಟ ಟಿಕೆಟ್ಟಿಗೆ ಶೇ 18ರಷ್ಟಿದೆ. ಅದೇ ತಿಂಗಳು ರಾಜ್ಯ ಸರ್ಕಾರವು ಟಿಕೆಟ್ ದರಕ್ಕೆ, ತೆರಿಗೆ ಹೊರತುಪಡಿಸಿ, 200 ರೂಪಾಯಿಯ ಮಿತಿ ಹಾಕಿ ಅಧಿಸೂಚನೆ ಹೊರಡಿಸಿತ್ತಾದರೂ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಮೈಸೂರಿನಲ್ಲಿ ಶಾಂತಲಾದಂತಹ ಹಳೆಯ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡ ಮೇಲೆ, ಜಯಲಕ್ಷ್ಮೀಪುರಂ ಕಡೆಯ ಡಿಆರ್‌ಸಿ ಮಲ್ಟಿಪ್ಲೆಕ್ಸಿಗೋ ಮಾಲ್ ಆಫ್ ಮೈಸೂರಿಗೋ ಹೋಗುವ ಕುಟುಂಬಗಳ ಸಂಖ್ಯೆ ಹೆಚ್ಚಿದೆ. ಅಲ್ಲಿ ನಾಲ್ವರು ವಾರಾಂತ್ಯದಲ್ಲಿ ಸಿನಿಮಾ ನೋಡಿ, ಪಾಪ್‌ಕಾರ್ನ್ ತಿಂದು, ಪಾರ್ಕಿಂಗಿಗೂ ಕೊಟ್ಟು ಹೊರಬರುವಷ್ಟರಲ್ಲಿ ಸಾವಿರ ರೂಪಾಯಿ ದಾಟುವುದು ಸಾಮಾನ್ಯ ಸಂಗತಿ. ವಾರದ ದಿನ ಒಬ್ಬರೇ ಹೋಗಿ ಬಾಲ್ಕನಿಯಲ್ಲಿ ಕೂರುವುದಾದರೆ ಒಬ್ಬ ಗೆಳೆಯನ ಅರ್ಧ ಮನಸ್ಸಿನ ಶಿಫಾರಸೂ ಸಾಕು. ಮನೆಮಂದಿಯೆಲ್ಲ ಹೊರಡುವುದಾದರೆ ಮಾತ್ರ ಬೇರೆ ಬೇರೆ ದಿಕ್ಕಿನಿಂದ ಬಂದ ಎರಡು ಅಭಿಪ್ರಾಯಗಳಾದರೂ ಕೈಯಲ್ಲಿರಬೇಕು. ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹತ್ತು ಜನ ಹೇಳಿದ್ದು ಹತ್ತು ಅಭಿಪ್ರಾಯವಾಗುವುದಿಲ್ಲ. ಮೊದಲು ಹೇಳಿದವರ ಮಾತಿಗೆ ಉಳಿದ ಒಂಬತ್ತು ಜನ ಹೆಬ್ಬೆರಳು ತೋರಿಸಿರುತ್ತಾರೆ, ಅಷ್ಟೆ.

ಗೇಟಿನ ಮಾತು, ಬೈಕ್ ಸ್ಟ್ಯಾಂಡಿನ ಮಾತು

ತಾರಾನಟರ ಚಿತ್ರವಾದರೆ ಮಂಡ್ಯದಲ್ಲಿ ಮೊದಲ ದಿನದ ಮೊದಲ ಆಟವೆಂಬುದು ಊರ ಜಾತ್ರೆಯಂತೆಯೇ ನಡೆಯುತ್ತದೆ. ಕಟೌಟಿಗೆ ಆಳೆತ್ತರದ ಹಾರ, ಹಾಲಿನ ಅಭಿಷೇಕ, ತಮಟೆ, ಪಟಾಕಿ. ಒಳಗೆ ನಾಯಕನ ಎಂಟ್ರಿ ದೃಶ್ಯದಲ್ಲಿ ಶಿಳ್ಳೆಯ ನಡುವೆ ಸಂಭಾಷಣೆಯ ಒಂದಕ್ಷರವೂ ಕೇಳಿಸುವುದಿಲ್ಲ. ಆ ಆಟ ನೋಡಿ ಬಂದವರ ಮಾತನ್ನು ತಳ್ಳಿಹಾಕುವವರ ಜೊತೆ ನನಗೆ ಸಹಮತವಿಲ್ಲ, ಏಕೆಂದರೆ ಆ ಸಂಭ್ರಮವೂ ಟಿಕೆಟ್ಟಿನ ಭಾಗವೇ, ಅದನ್ನೇ ಬಯಸಿ ಹೋಗುವವರಿಗೆ ಅದಕ್ಕಿಂತ ಸರಿಯಾದ ಮಾಹಿತಿ ಬೇರೆಲ್ಲೂ ಸಿಗುವುದಿಲ್ಲ. ಹಾಡಿಗೆ ಜನ ಎದ್ದು ಕುಣಿದರೇ, ಇಂಟರ್‌ವಲ್ ದೃಶ್ಯ ಮೈನವಿರೇಳಿಸಿತೇ, ನಟ ಹಳೆಯ ಖದರಿಗೆ ಮರಳಿದ್ದಾನೆಯೇ ಎಂಬ ಪ್ರಶ್ನೆಗಳಿಗೆ ಅವರೇ ಉತ್ತರ ಹೇಳಬೇಕು. ಆದರೆ ಕತೆ ಹೇಗಿದೆ ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ. ಕೇಳಿಸಿಕೊಂಡಿದ್ದರೆ ತಾನೇ ಹೇಳುವುದು.

ಪಬ್ಲಿಕ್ ಟಾಕ್ ವಿಡಿಯೊಗಳ ತೊಂದರೆ ಬೇರೆಯದು. ಮೈಕ್ ಮುಂದೆ ಬಂದ ಕೂಡಲೇ ದನಿ ಏರುತ್ತದೆ, ಜೊತೆಗಿರುವವರು ನೋಡುತ್ತಿದ್ದಾರೆಂಬ ಹುಮ್ಮಸ್ಸು ಸೇರಿಕೊಳ್ಳುತ್ತದೆ, ಸಪ್ಪೆಯಾಗಿ ಮಾತಾಡಿದವರ ತುಣುಕನ್ನು ಚಾನೆಲಿನವರು ಹೇಗೂ ಕತ್ತರಿಸಿ ತೆಗೆದಿರುತ್ತಾರೆ. ಕ್ಯಾಮೆರಾ ಮುಂದೆ “ಬೆಂಕಿ ಗುರೂ, ನೂರು ದಿನ ಗ್ಯಾರಂಟಿ” ಎಂದು ಕೈಯೆತ್ತಿದ ಹುಡುಗನೇ ಐದು ನಿಮಿಷದ ಬಳಿಕ ಸ್ಟ್ಯಾಂಡಿನಲ್ಲಿ ಟೋಕನ್ ಕೊಟ್ಟು ಬೈಕನ್ನು ಹಿಂದಕ್ಕೆಳೆಯುತ್ತಾ ಗೆಳೆಯನಿಗೆ “ಆ ಎರಡ್ನೇ ಫೈಟು ಬೇಕಿರ್ಲಿಲ್ಲ ಕಣ್ಲಾ, ಕತೆ ಅಲ್ಲೇ ಮಲಗ್ಬಿಡ್ತು” ಎನ್ನುತ್ತಾನೆ. ಎರಡೂ ಅವನದೇ ಮಾತು, ಎರಡರಲ್ಲೂ ಸುಳ್ಳಿಲ್ಲ: ಗೇಟಿನಲ್ಲಿ ಹೇಳಿದ್ದು ನಟನ ಮೇಲಿನ ಅಭಿಮಾನ, ಸ್ಟ್ಯಾಂಡಿನಲ್ಲಿ ಹೇಳಿದ್ದು ಚಿತ್ರದ ಮೇಲಿನ ತೀರ್ಪು. ನಮಗೆ ಬೇಕಾದದ್ದು ಎರಡನೆಯದು, ಅದು ಯಾವ ವಿಡಿಯೊದಲ್ಲೂ ಬರುವುದಿಲ್ಲ. ಮೊದಲ ದಿನವೇ ನೋಡಿದ ಪರಿಚಯದವರು ಯಾರಾದರೂ ಇದ್ದರೆ ಅಂದೇ ಫೋನ್ ಮಾಡದೆ, ಶನಿವಾರ ಸಂಜೆ ನಿಧಾನವಾಗಿ ಕೇಳಿದರೆ ಅವರೂ ಸ್ಟ್ಯಾಂಡಿನ ದನಿಯಲ್ಲೇ ಉತ್ತರಿಸುತ್ತಾರೆ.

ನೆಂಟರು, ನೆರೆಹೊರೆಯವರು

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಮನೆಯವರ, ನೆರೆಯವರ ಮಾತು. ಆದರೆ ಬಹಳ ಮಂದಿ ಅದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದಿಲ್ಲ. “ಚೆನ್ನಾಗಿದೆಯಾ?” ಎಂದು ಕೇಳಿ, “ಹ್ಞೂಂ, ಒಂದ್ಸಲ ನೋಡ್ಬಹುದು” ಎಂಬ ಉತ್ತರ ಪಡೆದು ಅಲ್ಲಿಗೇ ಬಿಡುತ್ತಾರೆ. ಆ ಉತ್ತರದಿಂದ ತಿಳಿಯುವುದು ಏನೂ ಇಲ್ಲ. ಮುಂದಿನ ಪ್ರಶ್ನೆಯಿಂದಲೇ ವಿಷಯ ಆರಂಭ.

ಈಚೆಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ಹಿಂದಿನ ದಿನ ಮೈಸೂರಿನಲ್ಲಿ ಒಂದೇ ಚಿತ್ರವನ್ನು ಅಕ್ಕಪಕ್ಕ ಕೂತು ನೋಡಿಬಂದಿದ್ದ ಮದ್ದೂರಿನ ಅಕ್ಕ ಮತ್ತು ಭಾವನ ನಡುವೆ ನಡೆದ ಮಾತು ಇದಕ್ಕೆ ಒಳ್ಳೆಯ ಉದಾಹರಣೆ. “ಫಸ್ಟ್ ಹಾಫ್ ಬೋರು ಕಣಪ್ಪ, ಇಂಟರ್‌ವಲ್ ಆದ್ಮೇಲೆ ಪರ್ವಾಗಿಲ್ಲ” ಎಂದರು ಭಾವ. “ಎಲ್ಲಿ ಬೋರಾಯ್ತು ಭಾವ?” ಎಂದು ಕೇಳಿದಾಗ, “ಆ ಹುಡುಗಿ ಮನೇಲಿ ಅಪ್ಪ ಮಗಳು ಮಾತಾಡ್ತಾನೇ ಕೂತಿರ್ತಾರಲ್ಲ, ಅಲ್ಲಿ. ಏಳಂಗಿಲ್ಲ, ಮುಗ್ಸಂಗಿಲ್ಲ” ಎಂದು ವಿವರಿಸಿದರು. ಬಡಿಸುತ್ತಿದ್ದ ಅಕ್ಕ ಅಲ್ಲಿಯೇ ತಡೆದರು: “ಇಡೀ ಪಿಕ್ಚರ್ನಲ್ಲಿ ಚೆನ್ನಾಗಿರೋದೇ ಅದೊಂದು. ಆಮೇಲೆ ಬರೀ ಹೊಡೆದಾಟ. ನೀವ್ ಆವಾಗ್ಲೇ ಎದ್ದು ಕೂತಿದ್ದು.” ಇಬ್ಬರೂ ಚಿತ್ರಕ್ಕೆ ಕೊಟ್ಟ ಅಂಕ ಹೆಚ್ಚುಕಡಿಮೆ ಒಂದೇ, ಪರವಾಗಿಲ್ಲ ಎಂಬುದು. ಆದರೆ ಆ ಒಂದು ದೃಶ್ಯದ ಬಗೆಗಿನ ಜಗಳದಿಂದ ನನಗೆ ಆ ಚಿತ್ರದ ಸ್ವರೂಪವೇ ತಿಳಿದುಹೋಯಿತು: ಮೊದಲರ್ಧ ಮನೆಯೊಳಗಿನ ಮಾತು, ಎರಡನೆಯದು ಬೀದಿಯ ಹೊಡೆದಾಟ, ನಡುವೆ ಬೆಸುಗೆ ಸರಿಯಾಗಿ ಕೂತಿಲ್ಲ. ಅಪ್ಪ ಮಗಳ ಮಾತುಕತೆ ಇಷ್ಟಪಡುವವರು ಯಾರು, ಎದ್ದು ಕೂರಲು ಹೊಡೆದಾಟ ಬೇಕೆನ್ನುವವರು ಯಾರು ಎಂಬುದು ಅವರವರ ಮನೆಯವರಿಗೆ ಗೊತ್ತೇ ಇರುತ್ತದೆ.

ಆದ್ದರಿಂದ ನೆಂಟರನ್ನು ಕೇಳುವಾಗ ಚೆನ್ನಾಗಿದೆಯೇ ಎಂಬುದನ್ನು ಬಿಟ್ಟು, ಯಾವ ಜಾಗದಲ್ಲಿ ಮೊಬೈಲ್ ತೆಗೆದಿರಿ, ಮನೆಗೆ ಬರುವ ದಾರಿಯಲ್ಲಿ ಯಾವುದರ ಬಗ್ಗೆ ಮಾತಾಡಿದಿರಿ, ಮಕ್ಕಳು ಸುಮ್ಮನೆ ಕೂತಿದ್ದರೇ ಎಂದು ಕೇಳುವುದು ಮೇಲು. ಇನ್ನೊಂದು ಎಚ್ಚರವೂ ಬೇಕು. ಟಿಕೆಟ್ ತೆಗೆಸಿಕೊಟ್ಟವರ ಎದುರು ಯಾರೂ ಚಿತ್ರ ಕೆಟ್ಟದಾಗಿತ್ತು ಎನ್ನುವುದಿಲ್ಲ. ಮಗ ಕರೆದುಕೊಂಡು ಹೋದ ಚಿತ್ರವನ್ನು ತಾಯಂದಿರು ಹೊಗಳಿಯೇ ಹೊಗಳುತ್ತಾರೆ. ಸಾವಿರಾರು ರೂಪಾಯಿ ಖರ್ಚು ಮಾಡಿದವರೂ ದುಡ್ಡು ದಂಡವಾಯಿತೆಂದು ಒಪ್ಪಿಕೊಳ್ಳಲು ಸ್ವಲ್ಪ ದಿನ ತೆಗೆದುಕೊಳ್ಳುತ್ತಾರೆ. ಹಾಗೆಯೇ, ಯಾವ ಚಿತ್ರ ನೋಡಿದರೂ ಈಗಿನದರಲ್ಲಿ ಏನಿದೆ ಎನ್ನುವ ದೊಡ್ಡಪ್ಪಂದಿರು ಎಲ್ಲ ಮನೆಗಳಲ್ಲೂ ಇದ್ದಾರೆ. ಅವರೇನಾದರೂ ಬಾಯಿ ತಪ್ಪಿ ಒಂದು ಚಿತ್ರವನ್ನು ಮೆಚ್ಚಿದರೆ ಆ ದಿನವೇ ಟಿಕೆಟ್ ತೆಗೆಯಬಹುದು.

ಆ್ಯಪಿನ ಅಂಕಗಳು

ಬುಕ್‌ಮೈಶೋದಲ್ಲಿ ಬಿಡುಗಡೆಯ ವಾರ ಚಿತ್ರವೊಂದಕ್ಕೆ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಅಂಕ ಇರುವುದು ಅಪರೂಪವೇನಲ್ಲ. ಇದಕ್ಕೆ ಮೋಸವೇ ಕಾರಣವಾಗಿರಬೇಕಿಲ್ಲ. ಮೊದಲ ಮೂರು ದಿನ ದುಡ್ಡು ಕೊಟ್ಟು ಹೋಗುವವರು ಆ ಚಿತ್ರ ಇಷ್ಟವಾಗಬಹುದೆಂದು ಮೊದಲೇ ಎಣಿಸಿದವರು. ಅವರಲ್ಲೂ ಹಿಗ್ಗಿದವರು ಅಂಕ ಒತ್ತುತ್ತಾರೆ, ಬೇಸರಗೊಂಡವರು ಊಟ ಮಾಡಿ ಮಲಗುತ್ತಾರೆ. ಆದ್ದರಿಂದ ಅಲ್ಲಿನ ಅಂಕಕ್ಕಿಂತ ಎಷ್ಟು ಜನ ಅಂಕ ಕೊಟ್ಟಿದ್ದಾರೆ ಎಂಬ ಸಂಖ್ಯೆಯನ್ನೂ, ಕೆಳಗೆ ಬರೆದ ಟಿಪ್ಪಣಿಗಳಲ್ಲಿ ಹತ್ತಕ್ಕೆ ಆರು, ಏಳು ಕೊಟ್ಟವರ ಸಾಲುಗಳನ್ನೂ ನೋಡುವುದು ಒಳ್ಳೆಯದು. ಹತ್ತು ಕೊಟ್ಟವರು ಕಾರಣ ಬರೆಯುವುದಿಲ್ಲ, ಒಂದು ಕೊಟ್ಟವರು ಬೈಗುಳ ಬರೆಯುತ್ತಾರೆ, ನಡುವಿನವರು ಮಾತ್ರ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂದು ಎರಡು ವಾಕ್ಯ ಬರೆಯುವ ತಾಳ್ಮೆ ತೋರುತ್ತಾರೆ. ಕೆಲವು ಚಿತ್ರಗಳಿಗೆ ನಿರ್ಮಾಪಕರು ನ್ಯಾಯಾಲಯದ ಆದೇಶ ತಂದು ಅಂಕ ಮತ್ತು ಟಿಪ್ಪಣಿಗಳನ್ನೇ ನಿಲ್ಲಿಸಿದ್ದೂ ಉಂಟು. ಅಂತಹ ಕಡೆ ಅಂಕ ಕಾಣದಿದ್ದರೆ ಚಿತ್ರ ಕೆಟ್ಟದೆಂದಾಗಲಿ ಒಳ್ಳೆಯದೆಂದಾಗಲಿ ತೀರ್ಮಾನಿಸಬೇಕಿಲ್ಲ.

ಸಿನಿಮಾ ಮಾಹಿತಿಯ ಜಾಲತಾಣವಾದ ಐಎಮ್‌ಡಿಬಿಯ ರೀತಿ ಬೇರೆ. ಅದು ಬಂದ ಮತಗಳ ನೇರ ಸರಾಸರಿಯನ್ನು ತೋರಿಸುವುದಿಲ್ಲ. ಎಲ್ಲ ಮತಗಳಿಗೂ ಒಂದೇ ತೂಕ ಕೊಡದೆ ಲೆಕ್ಕ ಹಾಕುತ್ತದೆ, ಆ ಲೆಕ್ಕದ ಸೂತ್ರವನ್ನು ಬಹಿರಂಗಪಡಿಸುವುದಿಲ್ಲ. ಅಂಕದ ಮೇಲೆ ಒತ್ತಿದರೆ ಒಂದರಿಂದ ಹತ್ತರವರೆಗೆ ಯಾವ ಅಂಕಕ್ಕೆ ಎಷ್ಟು ಮತ ಬಂದಿದೆ ಎಂಬ ಪಟ್ಟಿ ಕಾಣುತ್ತದೆ. ಅಂಕಕ್ಕಿಂತ ನೋಡಬೇಕಾದದ್ದು ಅದನ್ನೇ. ಮತಗಳೆಲ್ಲ ಹತ್ತು ಮತ್ತು ಒಂದರಲ್ಲೇ ಗುಡ್ಡೆಬಿದ್ದು ನಡುವೆ ಬಯಲಾಗಿದ್ದರೆ ಅದು ಇಬ್ಬರು ನಟರ ಅಭಿಮಾನಿಗಳ ಕಾಳಗವೆಂದು ತಿಳಿದು ಪುಟ ಮುಚ್ಚಬಹುದು. ಆರು, ಏಳು, ಎಂಟರಲ್ಲಿ ಮತಗಳು ತುಂಬಿಕೊಂಡಿದ್ದರೆ ಅಲ್ಲಿ ನಿಜವಾಗಿ ಚಿತ್ರ ನೋಡಿದವರು ಇದ್ದಾರೆ. ಕನ್ನಡ ಚಿತ್ರಗಳಿಗೆ ಮೊದಲ ವಾರ ಬರುವ ಮತಗಳು ಕೆಲವೇ ನೂರಾಗಿರುವುದರಿಂದ ಒಂದು ಕಾಲೇಜು ಹಾಸ್ಟೆಲ್ ಮನಸ್ಸು ಮಾಡಿದರೂ ಅಂಕ ಏರುಪೇರಾಗುತ್ತದೆ. ಚಿತ್ರ ಓಟಿಟಿಗೆ ಬಂದು ಒಂದೆರಡು ತಿಂಗಳಾದ ಮೇಲೆ ಆ ಅಂಕ ನೆಲೆಗೆ ನಿಲ್ಲುತ್ತದೆ. ಇಂಗ್ಲಿಷ್ ಚಿತ್ರಗಳಿಗೆ, ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ಜಾಲತಾಣ ನೋಡುವವರು ಒಂದು ಸಂಗತಿ ನೆನಪಿಡಬೇಕು: ಅಲ್ಲಿ ಶೇ 90 ಎಂದರೆ ನೂರರಲ್ಲಿ ತೊಂಬತ್ತು ವಿಮರ್ಶಕರು ಚಿತ್ರವನ್ನು ಒಪ್ಪಿದ್ದಾರೆ ಎಂದಷ್ಟೇ. ಅವರೆಲ್ಲರೂ ಪರವಾಗಿಲ್ಲ ಎಂದಷ್ಟೇ ಹೇಳಿದ್ದರೂ ಅಂಕ ತೊಂಬತ್ತೇ ಇರುತ್ತದೆ.

ಯೂಟ್ಯೂಬ್ ವಿಮರ್ಶಕರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಣ ಅಥವಾ ಉಡುಗೊರೆ ಪಡೆದು ಮಾಡುವ ಪ್ರಚಾರವನ್ನು ಹಾಗೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಉದ್ದೇಶಪೂರ್ವಕವಾಗಿ ಚಿತ್ರವನ್ನು ಮುಳುಗಿಸುವ ವಿಮರ್ಶೆಗಳ ಪ್ರಶ್ನೆಯನ್ನು ಅದೇ ವರ್ಷ ಕೇರಳ ಹೈಕೋರ್ಟ್ ಪರಿಶೀಲನೆಗೆ ಎತ್ತಿಕೊಂಡಾಗ ನೇಮಕಗೊಂಡ ಅಮಿಕಸ್ ಕ್ಯೂರಿ (ನ್ಯಾಯಾಲಯಕ್ಕೆ ನೆರವಾಗುವ ವಕೀಲರು), ಬಿಡುಗಡೆಯಾದ ಮೊದಲ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಮಾಡದಿರಲಿ ಎಂದು 2024ರಲ್ಲಿ ಸಲಹೆ ಕೊಟ್ಟರು. ಬಾಯಿ ಕಟ್ಟಿಸುವ ಆ ಸಲಹೆ ನನಗೆ ಒಪ್ಪಿಗೆಯಿಲ್ಲ. ಆದರೆ ನೋಡುವವರು ತಾವಾಗಿಯೇ ಎರಡು ದಿನ ತಡೆದರೆ ನಷ್ಟವೇನಿಲ್ಲ.

ಮಂಡ್ಯದವರೇ ಹೇಳಬೇಕಾದದ್ದು

ಒಂದು ವಿಷಯದಲ್ಲಿ ಮಾತ್ರ ಯಾವ ವಿಮರ್ಶಕರ ಮಾತಿಗಿಂತ ನಮ್ಮ ಸೀಮೆಯ ಸಾಮಾನ್ಯ ಪ್ರೇಕ್ಷಕರ ಮಾತು ಮೇಲು, ಅದು ಭಾಷೆ. ಮಂಡ್ಯದ ಗೌಡರ ಮನೆಯ ಕತೆಯೆಂದು ಹೇಳಿಕೊಂಡು ಬರುವ ಚಿತ್ರಗಳಲ್ಲಿ ಎಷ್ಟೋ ಬಾರಿ ಎರಡು ಬೈಗುಳ ಮತ್ತು ಒಂದು ‘ಕಣ್ಲಾ’ ಸೇರಿಸಿದರೆ ಭಾಷೆ ಆಯಿತು ಎಂಬ ಉದಾಸೀನ ಇರುತ್ತದೆ. ಅದು ಎಲ್ಲಿ ತಪ್ಪಿತು ಎಂಬುದು ಕೆ.ಆರ್.ಪೇಟೆಯಿಂದ ಬಂದು ಮೈಸೂರಿನಲ್ಲಿ ಓದುತ್ತಿರುವ ಹುಡುಗನಿಗೆ ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ, ಬೆಂಗಳೂರಿನ ವಿಮರ್ಶೆಯಲ್ಲಿ ಅದು ‘ಗ್ರಾಮ್ಯ ಸೊಗಡು’ ಎಂದು ಹೊಗಳಿಸಿಕೊಳ್ಳುತ್ತದೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಮರುವರ್ಷ ತೆರೆಗೆ ಬಂದ ‘ತಿಥಿ’ಯನ್ನು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆಯೇ ಕಸುಬಲ್ಲದ ಊರಿನವರನ್ನಿಟ್ಟುಕೊಂಡು ತೆಗೆಯಲಾಗಿತ್ತು. ಆ ಚಿತ್ರದ ನಿಧಾನಗತಿಯ ಬಗ್ಗೆ ಯಾರು ಬೇಕಾದರೂ ತೀರ್ಪು ಕೊಡಬಹುದು, ಆದರೆ ಅಜ್ಜನ ಬೈಗುಳದ ಲಯ ಸರಿಯಿದೆಯೇ ಎಂದು ಹೇಳುವ ಅಧಿಕಾರ ಈ ಸೀಮೆಯವರದು. ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಕರಾವಳಿಯ ಹಳ್ಳಿಯಲ್ಲಿ ನಡೆಯುವ ‘ಸು ಫ್ರಮ್ ಸೋ’ 2025ರ ಜುಲೈನಲ್ಲಿ ಬಂದು, ದೊಡ್ಡ ತಾರೆಯಿಲ್ಲದೆಯೂ ನೋಡಿದವರ ಬಾಯಿಮಾತಿನಿಂದಲೇ ಪ್ರದರ್ಶನಗಳನ್ನು ಹೆಚ್ಚಿಸಿಕೊಂಡಿತು. ಅಂತಹ ಚಿತ್ರಕ್ಕೆ ಮಂಗಳೂರಿನ ಗೆಳೆಯರ ಹೊಗಳಿಕೆಯ ಜೊತೆಗೆ, ಆ ಕನ್ನಡದ ಓಟ ಇಲ್ಲಿಯವರ ಕಿವಿಗೆ ಎಷ್ಟು ಸಿಕ್ಕಿತು, ನಗು ಎಲ್ಲರಿಗೂ ಒಟ್ಟಿಗೇ ಬಂತೇ ಎಂದು ಮೈಸೂರಿನಲ್ಲಿ ನೋಡಿದ ಒಬ್ಬರನ್ನಾದರೂ ಕೇಳಬೇಕು. ಹಾಸ್ಯಚಿತ್ರಗಳನ್ನು ತುಂಬಿದ ಚಿತ್ರಮಂದಿರದಲ್ಲಿ ನೋಡಿದವರಿಗೂ ಮಂಗಳವಾರದ ಮ್ಯಾಟಿನಿಯಲ್ಲಿ ಹದಿನೈದು ಜನರ ನಡುವೆ ನೋಡಿದವರಿಗೂ ಅಭಿಪ್ರಾಯ ಬೇರೆಯಾಗುವುದು ಸಹಜ. ಮಂಗಳವಾರದವರೂ ನಕ್ಕಿದ್ದಾರೆಂದರೆ ಆ ಹಾಸ್ಯ ಗಟ್ಟಿ.

ಮಕ್ಕಳೊಂದಿಗೆ ಹೋಗುವವರು

ಚಿಕ್ಕ ಮಕ್ಕಳಿರುವ ಮನೆಯವರು ಅಭಿಪ್ರಾಯ ಕೇಳುವ ಮೊದಲು ಚಿತ್ರದ ಸೆನ್ಸಾರ್ ಪ್ರಮಾಣಪತ್ರ ನೋಡುವುದು ಕ್ಷೇಮ. ಹಿಂದೆ ಯುಎ ಎಂಬ ಒಂದೇ ವರ್ಗವಿದ್ದದ್ದು 2024ರ ಹೊಸ ನಿಯಮಗಳಂತೆ ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. ಟಿಕೆಟ್ ಕಾಯ್ದಿರಿಸುವ ಆ್ಯಪಿನಲ್ಲಿ ಚಿತ್ರದ ಹೆಸರಿನ ಬಳಿಯೇ ಇದು ಸಿಗುತ್ತದೆ. ಯುಎ ಎಂಬುದು ಪೋಷಕರಿಗೆ ಕೊಡುವ ಸೂಚನೆ, ಎ ಮಾತ್ರ ಹದಿನೆಂಟರ ಒಳಗಿನವರಿಗೆ ಪ್ರವೇಶವಿಲ್ಲದ ವರ್ಗ. “ಫ್ಯಾಮಿಲಿ ಸಮೇತ ನೋಡಬಹುದು” ಎಂಬ ಮಾತನ್ನು ಮದುವೆಯಾಗದ ಹುಡುಗರು ಹೇಳಿದಾಗ ಅದಕ್ಕೆ ತೂಕವಿಲ್ಲ. ಆರು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ ನೆರೆಮನೆಯಾಕೆ “ರಕ್ತ ಜಾಸ್ತಿ ರೀ, ನಮ್ಮ ಪುಟ್ಟಿ ಮುಖ ಮುಚ್ಕೊಂಡೇ ಕೂತಿದ್ಲು” ಎಂದರೆ ಆಮೇಲೆ ಇನ್ನಾರನ್ನೂ ಕೇಳುವ ಅಗತ್ಯವಿಲ್ಲ. ಸದ್ದಿನ ವಿಷಯವೂ ಹೀಗೆಯೇ: ಹಿನ್ನೆಲೆ ಸಂಗೀತದ ಅಬ್ಬರಕ್ಕೆ ವಯಸ್ಸಾದ ಅತ್ತೆ ಮಾವಂದಿರು ತಲೆನೋವು ಹತ್ತಿಸಿಕೊಂಡು ಬಂದರೇ ಎಂಬುದು ಅಂಕದಲ್ಲಿ ಕಾಣದು.

ಎರಡೂ ಕಡೆ ಮಾತು ಸಮನಾಗಿದ್ದರೆ

ಅರ್ಧ ಜನ ಹೋಗಿ ಎನ್ನುತ್ತಾರೆ, ಇನ್ನರ್ಧ ಬೇಡ ಎನ್ನುತ್ತಾರೆ. ಆಗ ನಾನು ನೋಡುವುದು ಸೋಮವಾರ, ಮಂಗಳವಾರದ ಸೀಟುಗಳನ್ನು. ಕಾಯ್ದಿರಿಸುವ ಆ್ಯಪಿನಲ್ಲಿ ಸಂಜೆಯ ಆಟವನ್ನು ತೆರೆದರೆ ತುಂಬಿದ ಸೀಟುಗಳೂ ಖಾಲಿ ಸೀಟುಗಳೂ ಕಣ್ಣಿಗೆ ಕಾಣುತ್ತವೆ. ಅಭಿಮಾನಿಗಳ ಅಲೆ ಭಾನುವಾರಕ್ಕೆ ಇಳಿದಿರುತ್ತದೆ, ಸೋಮವಾರ ಕೆಲಸ ಮುಗಿಸಿ ಬಂದು ಕೂರುವವರು ಬಹುಪಾಲು ನೋಡಿದವರ ಮಾತು ಕೇಳಿಯೇ ಬಂದವರು. ಆಸನ ತುಂಬಿದ್ದರೆ ಊರಿನ ಬಾಯಿಮಾತು ಚಿತ್ರದ ಪರವಾಗಿದೆ ಎಂದರ್ಥ. ಕ್ಲಾಸ್ ಚಿತ್ರಗಳೆನಿಸಿಕೊಳ್ಳುವ, ನಿಧಾನವಾಗಿ ಸಾಗುವ ಚಿತ್ರಗಳಿಗೆ ಈ ಲೆಕ್ಕ ಸರಿಹೊಂದದು. ಅವುಗಳ ಪ್ರೇಕ್ಷಕರು ಮೊದಲಿಂದಲೂ ಕಡಿಮೆ, ಅವರಲ್ಲಿ ಅರ್ಧ ಜನ ಓಟಿಟಿಗಾಗಿ ಕಾಯುತ್ತಿರುತ್ತಾರೆ. ಅಂತಹ ಚಿತ್ರಕ್ಕೆ, ನಿಮ್ಮ ಅಭಿರುಚಿ ಬಲ್ಲ ಒಬ್ಬರ ಮಾತು ಸಾಕು.

ಎರಡನೇ ವಾರ ಆಟಗಳ ಸಂಖ್ಯೆ ಇಳಿದುದನ್ನು ಮಾತ್ರ ಚಿತ್ರದ ಸೋಲೆಂದು ಆತುರದಲ್ಲಿ ಓದಬಾರದು, ಏಕೆಂದರೆ ಆ ವಾರ ದೊಡ್ಡ ಚಿತ್ರವೊಂದು ಬಂದು ಪರದೆಗಳನ್ನು ಕಿತ್ತುಕೊಂಡಿರಬಹುದು. 2015ರ ಜುಲೈ 3ರಂದು ಬಿಡುಗಡೆಯಾದ ‘ರಂಗಿತರಂಗ’ದ ಎದುರಿಗೆ ಸರಿಯಾಗಿ ಒಂದು ವಾರದ ಬಳಿಕ ‘ಬಾಹುಬಲಿ’ ಬಂದಿತ್ತು. ಪರದೆಗಳಿಗಾಗಿ ಪೈಪೋಟಿ ನಡೆದರೂ ಹೊಸಬರ ಆ ಕನ್ನಡ ಚಿತ್ರ ನೋಡಿದವರ ಮಾತಿನ ಬಲದಿಂದ ಚಿತ್ರಮಂದಿರಗಳಲ್ಲಿ ಉಳಿದುಕೊಂಡಿತು. ಆದ್ದರಿಂದ ಗುರುವಾರ ರಾತ್ರಿ ಮುಂದಿನ ವಾರದ ಪಟ್ಟಿ ಬಂದಾಗ ಎಷ್ಟು ಆಟ ಹೋಯಿತು ಎಂಬುದರ ಜೊತೆಗೆ, ಉಳಿದ ಒಂದೆರಡು ಆಟಗಳು ಯಾವ ಹೊತ್ತಿಗೆ ಸಿಕ್ಕಿವೆ ಎಂಬುದನ್ನೂ ನೋಡಬೇಕು. ಹೊಸ ಚಿತ್ರಗಳ ನಡುವೆಯೂ ಸಂಜೆಯ ಫಸ್ಟ್ ಶೋ ಬಿಟ್ಟುಕೊಡದೆ ಇಟ್ಟುಕೊಂಡಿದ್ದರೆ ಆ ಚಿತ್ರಕ್ಕೆ ಧೈರ್ಯವಾಗಿ ಹೋಗಬಹುದು. ಬೆಳಿಗ್ಗೆ ಒಂಬತ್ತರ ಆಟವೊಂದೇ ಉಳಿದಿದ್ದರೆ ಓಟಿಟಿಗೆ ಬರುವವರೆಗೆ ಕಾಯಬಹುದು.